ರಜೆ ಮಂಜೂರು ಮಾಡುವವರಿಲ್ಲದ ಕೆಲಸ

ಸ್ವಂತ ವ್ಯವಹಾರ ನಡೆಸುವವರಿಗೆ ರಜೆ ಮಂಜೂರು ಮಾಡುವವರು ಯಾರೂ ಇರುವುದಿಲ್ಲ. ನೌಕರಿಯಲ್ಲಿರುವವರಿಗಾದರೆ ಕೆಲಸ ಎಷ್ಟು ಹೊತ್ತಿಗೆ ಶುರುವಾಗಬೇಕು, ಎಷ್ಟು ಹೊತ್ತಿಗೆ ಮುಗಿಯಬೇಕು ಎಂಬುದಕ್ಕೆ ಒಂದು ನಿಯಮವಿರುತ್ತದೆ. ಆ ನಿಯಮ ಮೀರಿದಾಗ ಹೋಗಿ ಕೇಳುವುದಕ್ಕೆ ಒಂದು ಜಾಗವಾದರೂ ಇರುತ್ತದೆ. ಮಾಲೀಕರ ವಿಷಯದಲ್ಲಿ ಕಾನೂನು ಮೊದಲಿನಿಂದಲೂ ಮೌನವಾಗಿದೆ. 1919ರಲ್ಲಿ ವಾಷಿಂಗ್ಟನ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ತನ್ನ ಮೊಟ್ಟಮೊದಲ ಒಡಂಬಡಿಕೆಯಲ್ಲಿ ಕೈಗಾರಿಕೆಯ ದುಡಿಮೆಯನ್ನು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಗೊತ್ತುಪಡಿಸಿತು. ಅದೇ ಒಡಂಬಡಿಕೆಯು ಮೇಲ್ವಿಚಾರಣೆ ಮತ್ತು ಆಡಳಿತದ ಹೊಣೆ ಹೊತ್ತವರನ್ನೂ, ಒಂದೇ ಕುಟುಂಬದವರು ಮಾತ್ರ ದುಡಿಯುವ ಉದ್ಯಮಗಳನ್ನೂ ಆ ಮಿತಿಯಿಂದ ಹೊರಗಿಟ್ಟಿತು. ಇದರಲ್ಲಿ ತಪ್ಪು ಹುಡುಕುವಂಥದ್ದೇನೂ ಇಲ್ಲ. ತನ್ನ ಸಮಯದ ಮೇಲೆ ತನಗೇ ಅಧಿಕಾರ ಇರುವವರನ್ನು ಯಾರಿಂದ ಕಾಪಾಡಬೇಕು ಎಂಬ ಪ್ರಶ್ನೆ ಆಗ ಎದ್ದಿರಲಾರದು. ಆದರೆ ಇದರ ಪರಿಣಾಮವನ್ನು ಸಣ್ಣ ವ್ಯವಹಾರ ನಡೆಸುವ ನನ್ನಂಥವರೆಲ್ಲ ದಿನವೂ ಅನುಭವಿಸುತ್ತೇವೆ. ನಮ್ಮ ಕೆಲಸಕ್ಕೆ ಹೊರಗಿನವರು ಹಾಕಿದ ಗೆರೆ ಇಲ್ಲ, ಹಾಕಿಕೊಂಡರೆ ನಾವೇ ಹಾಕಿಕೊಳ್ಳಬೇಕು.

ಈ ಗೆರೆಯನ್ನು ಮನಸ್ಸು ಗಟ್ಟಿ ಮಾಡಿಕೊಂಡು ಎಳೆಯಬಹುದು ಎಂದು ಬಹಳ ಜನ ಹೇಳುತ್ತಾರೆ. ಫೋನ್ ಆಫ್ ಮಾಡಿ, ವಾರಕ್ಕೊಂದು ದಿನ ಬಿಡುವು ತೆಗೆದುಕೊಳ್ಳಿ, ಬೇಗ ಮಲಗಿ, ವ್ಯಾಯಾಮ ಮಾಡಿ ಎಂಬ ಸಲಹೆಗಳಿಗೆ ಬರವಿಲ್ಲ. ಇವು ಒಳ್ಳೆಯ ಸಲಹೆಗಳೇ. ಆದರೂ ಇವು ನಿಲ್ಲುವುದಿಲ್ಲ ಎಂಬುದನ್ನು ವ್ಯವಹಾರ ನಡೆಸಿದ ಯಾರನ್ನು ಕೇಳಿದರೂ ಹೇಳಿಯಾರು. ನಿಲ್ಲದಿರುವುದಕ್ಕೆ ಕಾರಣ ಮನಸ್ಸಿನ ದೌರ್ಬಲ್ಯವಲ್ಲ ಎಂದೇ ನಾನು ಬಲವಾಗಿ ನಂಬುತ್ತೇನೆ. ಮಾಲೀಕರಿಗೆ ವಿಶ್ರಾಂತಿ ಸಿಗುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಆ ವ್ಯವಹಾರವನ್ನು ಹೇಗೆ ಕಟ್ಟಲಾಗಿದೆ ಎಂಬುದರ ಮೇಲೆ ನಿಂತಿದೆ. ಬೆಲೆ ಹೇಗೆ ಕಟ್ಟುತ್ತೇವೆ, ತೀರ್ಮಾನ ತೆಗೆದುಕೊಳ್ಳುವ ಅಧಿಕಾರ ಯಾರ ಬಳಿ ಇದೆ, ಯಾವ ಮಾಹಿತಿ ಎಲ್ಲಿ ಬರೆದಿಟ್ಟಿದೆ ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರದಲ್ಲೇ ನಮ್ಮ ರಜೆಯೂ ಅಡಗಿದೆ.

ಅದಕ್ಕೂ ಮೊದಲು ಶ್ರಮದ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ವಿಶ್ರಾಂತಿಯ ಪರವಾಗಿ ಬರೆಯುವವರು ಕೆಲವೊಮ್ಮೆ ಕಷ್ಟಪಟ್ಟು ದುಡಿಯುವುದೇ ಒಂದು ರೋಗವೇನೋ ಎಂಬಂತೆ ಬರೆಯುತ್ತಾರೆ, ಅದು ನನಗೆ ಒಪ್ಪಿಗೆಯಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ವ್ಯವಹಾರದ ಮೊದಲ ವರ್ಷಗಳಲ್ಲಿ ಗ್ರಾಹಕರನ್ನು ಹುಡುಕುವುದು, ಸರಕು ತರಿಸುವುದು, ಲೆಕ್ಕ ಬರೆಯುವುದು, ಬಾಕಿ ವಸೂಲಿಗೆ ಅಲೆಯುವುದು ಎಲ್ಲವೂ ಒಬ್ಬರ ಮೇಲೆಯೇ ಬೀಳುತ್ತದೆ, ಬೀಳಲೇಬೇಕು. ಪ್ರತಿಯೊಂದು ಕೆಲಸದ ಒಳಹೊರಗು ತಿಳಿಯದೆ ಅದನ್ನು ಮುಂದೆ ಇನ್ನೊಬ್ಬರಿಗೆ ಒಪ್ಪಿಸುವುದು ಸಾಧ್ಯವಿಲ್ಲ. ಹಂಗಾಮಿನ ದಿನಗಳಲ್ಲಿ, ದೊಡ್ಡ ಆರ್ಡರ್ ಒಪ್ಪಿಸುವ ವಾರದಲ್ಲಿ, ವರ್ಷದ ಲೆಕ್ಕ ಮುಗಿಸುವ ಹೊತ್ತಿನಲ್ಲಿ ಹೆಚ್ಚು ಹೊತ್ತು ದುಡಿಯುವುದು ಕರ್ತವ್ಯವೇ ಸರಿ. ಪ್ರತಿದಿನವನ್ನೂ ಕೆಲಸ ಮತ್ತು ಬಿಡುವಿನ ನಡುವೆ ಅರ್ಧರ್ಧ ಹಂಚಿಕೊಳ್ಳುವುದನ್ನೇ ಸಮತೋಲನ ಎಂದುಕೊಂಡರೆ ಅದು ಯಾವ ವ್ಯವಹಾರಕ್ಕೂ ಹೊಂದಿಕೊಳ್ಳುವುದಿಲ್ಲ. ನನ್ನ ತಕರಾರು ಹಂಗಾಮು ಮುಗಿದ ಮೇಲೂ ಹಂಗಾಮಿನ ವೇಗದಲ್ಲೇ ಓಡುವ ಅಭ್ಯಾಸದ ಬಗ್ಗೆ ಮಾತ್ರ.

ಹೆಚ್ಚು ಗಂಟೆ ದುಡಿದರೆ ಹೆಚ್ಚು ಕೆಲಸವಾಗುತ್ತದೆ ಎಂಬ ಲೆಕ್ಕ ಒಂದು ಹಂತದವರೆಗೆ ಮಾತ್ರ ಸರಿ. ಇದನ್ನು ಅಳೆದು ನೋಡಿದವರಿದ್ದಾರೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ಕೆಲಸಗಾರರು ವಾರಗಟ್ಟಲೆ ಬಿಡುವಿಲ್ಲದೆ ದುಡಿಯುತ್ತಿದ್ದರು. ಅವರ ಆರೋಗ್ಯವನ್ನು ಪರಿಶೀಲಿಸಲು 1915ರಲ್ಲಿ ಸರ್ಕಾರ ಒಂದು ಸಮಿತಿಯನ್ನು ನೇಮಿಸಿತು. ಆ ಸಮಿತಿಗಾಗಿ ಸಂಗ್ರಹಿಸಿದ ಅಂಕಿಅಂಶಗಳನ್ನು ಅರ್ಥಶಾಸ್ತ್ರಜ್ಞ ಜಾನ್ ಪೆಂಕಾವೆಲ್ ಸುಮಾರು ನೂರು ವರ್ಷಗಳ ನಂತರ ಮತ್ತೆ ಲೆಕ್ಕ ಹಾಕಿ 2014ರಲ್ಲಿ ಪ್ರಕಟಿಸಿದರು. ವಾರಕ್ಕೆ ಸುಮಾರು 49 ಗಂಟೆಗಳವರೆಗೆ ಗಂಟೆ ಹೆಚ್ಚಿದಂತೆ ಉತ್ಪಾದನೆಯೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತಿತ್ತು. ಅಲ್ಲಿಂದಾಚೆಗೆ ಪ್ರತಿ ಹೆಚ್ಚುವರಿ ಗಂಟೆಯ ಫಲ ಕುಗ್ಗುತ್ತಾ ಹೋಗಿ, 70 ಗಂಟೆ ದುಡಿದ ವಾರದ ಉತ್ಪಾದನೆಗೂ 56 ಗಂಟೆ ದುಡಿದ ವಾರದ ಉತ್ಪಾದನೆಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಉಳಿಯುತ್ತಿರಲಿಲ್ಲ. ಅಂದರೆ 14 ಗಂಟೆಗಳ ಬೆವರು ಬಹುತೇಕ ವ್ಯರ್ಥ. ವಾರದ ಬಿಡುವಿನ ದಿನವನ್ನೂ ಕಿತ್ತುಕೊಂಡಾಗ ಉತ್ಪಾದನೆಗೆ ಪೆಟ್ಟು ಬೀಳುತ್ತಿತ್ತು ಎಂಬುದು ಅದೇ ಲೆಕ್ಕದಿಂದ ಹೊರಬಂದ ಇನ್ನೊಂದು ಸಂಗತಿ.

ಮದ್ದುಗುಂಡು ಕಾರ್ಖಾನೆಯ ಕೆಲಸಗಾರರ ಕೈಯಿಂದ ಹೊರಬಿದ್ದದ್ದನ್ನು ಎಣಿಸಬಹುದಿತ್ತು. ಮಾಲೀಕರ ಕೆಲಸವನ್ನು ಹಾಗೆ ಎಣಿಸಲಾಗುವುದಿಲ್ಲ. ನಾವು ದಿನವಿಡೀ ತಯಾರಿಸುವುದು ಮುಖ್ಯವಾಗಿ ತೀರ್ಮಾನಗಳನ್ನು: ಈ ಗ್ರಾಹಕರಿಗೆ ಸಾಲ ಕೊಡಬಹುದೇ, ಈ ದರಕ್ಕೆ ಒಪ್ಪಬಹುದೇ, ಇವರನ್ನು ಕೆಲಸಕ್ಕೆ ತೆಗೆದುಕೊಳ್ಳಬಹುದೇ, ಈ ಸರಕನ್ನು ಈಗಲೇ ತರಿಸಬೇಕೇ ಅಥವಾ ಮುಂದಿನ ತಿಂಗಳವರೆಗೆ ಕಾಯಬಹುದೇ. ದಣಿದ ಕೈ ಕೆಡಿಸಿದ ಸರಕು ಆಗಲೇ ಕಣ್ಣಿಗೆ ಬೀಳುತ್ತದೆ. ದಣಿದ ತಲೆ ಕೆಡಿಸಿದ ತೀರ್ಮಾನ ಆರು ತಿಂಗಳ ನಂತರ, ಬಾಕಿ ಪಟ್ಟಿಯಲ್ಲೋ ಒಬ್ಬ ಒಳ್ಳೆಯ ಕೆಲಸಗಾರರ ರಾಜೀನಾಮೆಯಲ್ಲೋ ಕಾಣಿಸಿಕೊಳ್ಳುತ್ತದೆ. ಆ ಹೊತ್ತಿಗೆ ಅದನ್ನು ದಣಿವಿನ ಲೆಕ್ಕಕ್ಕೆ ಬರೆಯುವವರು ಯಾರೂ ಇರುವುದಿಲ್ಲ. ಮಾರುಕಟ್ಟೆ ಸರಿಯಿಲ್ಲ, ಜನ ಸರಿಯಿಲ್ಲ ಎಂದು ಹೇಳಿ ಮುಂದೆ ಸಾಗುತ್ತೇವೆ.

ಇನ್ನೂ ಕಷ್ಟದ ಸಂಗತಿಯೆಂದರೆ ದಣಿದವರಿಗೆ ತಮ್ಮ ದಣಿವಿನ ಆಳ ತಿಳಿಯುವುದಿಲ್ಲ. ಅಮೆರಿಕದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತ ವಯಸ್ಕರ ನಿದ್ರೆಯನ್ನು 14 ದಿನಗಳ ಕಾಲ ಮಿತಗೊಳಿಸಿ, ಅವರ ಗಮನಶಕ್ತಿ ಮತ್ತು ನೆನಪಿನ ಶಕ್ತಿಯನ್ನು ಪದೇ ಪದೇ ಅಳೆಯಲಾಯಿತು. ರಾತ್ರಿಗೆ 6 ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರ ಸಾಮರ್ಥ್ಯ ದಿನೇ ದಿನೇ ಕುಸಿದು, ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿಯಿತು. ಆದರೆ ನಿಮಗೆಷ್ಟು ನಿದ್ದೆ ಎಳೆಯುತ್ತಿದೆ ಎಂದು ಕೇಳಿದಾಗ ಅವರ ಉತ್ತರ ಆ ಕುಸಿತಕ್ಕೆ ತಕ್ಕಂತೆ ಬದಲಾಗಲಿಲ್ಲ. ಕೆಲವು ದಿನಗಳ ನಂತರ ತಾವು ಅದಕ್ಕೆ ಹೊಂದಿಕೊಂಡಿದ್ದೇವೆ ಎಂದೇ ಅವರು ಭಾವಿಸಿದ್ದರು. “ನನಗೆ ಆರು ಗಂಟೆ ನಿದ್ದೆ ಸಾಕು” ಎಂದು ಹೆಮ್ಮೆಯಿಂದ ಹೇಳುವ ವ್ಯವಹಾರಸ್ಥರನ್ನು ಕಂಡಾಗಲೆಲ್ಲ ನನಗೆ ಈ ಪ್ರಯೋಗ ನೆನಪಾಗುತ್ತದೆ. ಹಾಗೆ ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ; ಅವರಿಗೆ ನಿಜಕ್ಕೂ ಹಾಗೆ ಅನಿಸುತ್ತಿರುತ್ತದೆ, ಮತ್ತು ಇಲ್ಲಿರುವ ಅಪಾಯವೂ ಅದೇ.

ಇದಕ್ಕೂ ಮೊದಲು, 1997ರಲ್ಲಿ, ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ ಎಂಬ ಸಂಶೋಧಕರು ಎಚ್ಚರವಾಗಿರುವ ಅವಧಿಯನ್ನು ಮದ್ಯದ ಅಮಲಿನೊಂದಿಗೆ ಹೋಲಿಸಿ ನೋಡಿದ್ದರು. ಸತತ 17 ಗಂಟೆ ಎಚ್ಚರವಾಗಿದ್ದವರ ಕೈ ಮತ್ತು ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಮದ್ಯದ ಅಂಶ ಶೇ. 0.05ರಷ್ಟಿರುವವರ ಮಟ್ಟಕ್ಕೆ ಇಳಿದಿತ್ತು. ಹಲವು ದೇಶಗಳಲ್ಲಿ ಆ ಪ್ರಮಾಣ ಮುಟ್ಟಿದವರು ವಾಹನ ಓಡಿಸುವಂತಿಲ್ಲ. ಇದನ್ನು ನಮ್ಮ ದಿನಚರಿಗೆ ಹೊಂದಿಸಿ ನೋಡಿ: ಬೆಳಿಗ್ಗೆ 5 ಗಂಟೆಗೆ ಎದ್ದವರಿಗೆ ರಾತ್ರಿ 10 ಗಂಟೆಗೆ 17 ಗಂಟೆ ತುಂಬುತ್ತದೆ. ಅಂಗಡಿಯ ಬಾಗಿಲು ಹಾಕಿ, ಮನೆಯವರು ಮಲಗಿದ ಮೇಲೆ, ಈಗಲಾದರೂ ನಿಶ್ಶಬ್ದವಾಗಿದೆ ಎಂದುಕೊಂಡು ನಾವು ಕೊಟೇಶನ್ ಬರೆಯಲು ಕೂರುವುದು ಸರಿಯಾಗಿ ಅದೇ ಹೊತ್ತಿಗೆ. ಹಾಗಾಗಿ ದರ ನಿಗದಿ, ಸಾಲದ ಮಿತಿ, ಕೋಪದಲ್ಲಿ ಕಳಿಸಬೇಕೆನಿಸುವ ಉತ್ತರ ಈ ಮೂರನ್ನೂ ನಾನು ಸಂಜೆಯ ನಂತರ ಮುಟ್ಟುವುದಿಲ್ಲ. ಬರೆದಿಟ್ಟಿರುತ್ತೇನೆ, ಕಳಿಸುವುದು ಬೆಳಿಗ್ಗೆ ಇನ್ನೊಮ್ಮೆ ಓದಿದ ಮೇಲೆಯೇ. ಬೆಳಿಗ್ಗೆ ಓದುವಾಗ ರಿಯಾಯಿತಿಯ ಸಾಲನ್ನು ತಿದ್ದಬೇಕಾಗಿ ಬರುವುದು ಎಷ್ಟು ಸಾಮಾನ್ಯ ಎಂದರೆ, ಈಗ ಆ ಸಾಲನ್ನು ಖಾಲಿ ಬಿಟ್ಟೇ ಮಲಗುತ್ತೇನೆ.

ದೇಹದ ಮೇಲಾಗುವ ಪರಿಣಾಮವನ್ನು ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಅದರಲ್ಲಿ ವಾದಕ್ಕೆ ಹೆಚ್ಚು ಜಾಗವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಜೊತೆಯಾಗಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 55 ಅಥವಾ ಅದಕ್ಕೂ ಹೆಚ್ಚು ಗಂಟೆ ದುಡಿಯುವವರಿಗೆ ಪಾರ್ಶ್ವವಾಯು ತಗಲುವ ಸಾಧ್ಯತೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಸುಮಾರು ಶೇ. 35ರಷ್ಟು ಹೆಚ್ಚು, ಹೃದಯದ ರಕ್ತನಾಳಗಳ ಕಾಯಿಲೆಯಿಂದ ಸಾಯುವ ಸಾಧ್ಯತೆ ಶೇ. 17ರಷ್ಟು ಹೆಚ್ಚು. ವಾರಕ್ಕೆ 55 ಗಂಟೆ ಎಂದರೆ ಆರು ದಿನ ದಿನಕ್ಕೆ ಒಂಬತ್ತು ಗಂಟೆಗಿಂತ ಸ್ವಲ್ಪ ಹೆಚ್ಚು. ಅದನ್ನು ಹಗುರ ವಾರವೆಂದು ಲೆಕ್ಕ ಹಾಕುವ ಮಾಲೀಕರು ನನ್ನ ಪರಿಚಯದಲ್ಲೇ ಹಲವರಿದ್ದಾರೆ.

ಇಷ್ಟೆಲ್ಲ ಗೊತ್ತಿದ್ದೂ ನಾವು ಏಕೆ ನಿಲ್ಲಿಸುವುದಿಲ್ಲ? ಬಹಳಷ್ಟು ಸಂದರ್ಭಗಳಲ್ಲಿ ಉತ್ತರ ಬೆಲೆಯಲ್ಲಿದೆ, ಆದರೆ ಅಲ್ಲಿ ಹುಡುಕುವವರು ಕಡಿಮೆ. ಸಣ್ಣ ವ್ಯವಹಾರದಲ್ಲಿ ಒಂದು ವಸ್ತುವಿಗೆ ಅಥವಾ ಸೇವೆಗೆ ಬೆಲೆ ಕಟ್ಟುವಾಗ ಕಚ್ಚಾ ಸಾಮಗ್ರಿ, ಬಾಡಿಗೆ, ಸಂಬಳ, ವಿದ್ಯುತ್, ಸಾಗಾಣಿಕೆ, ಬಡ್ಡಿ ಎಲ್ಲವನ್ನೂ ಸೇರಿಸುತ್ತೇವೆ, ಮಾಲೀಕರ ಗಂಟೆಗಳನ್ನು ಮಾತ್ರ ಬಿಟ್ಟುಬಿಡುತ್ತೇವೆ. ಲಾಭವೇ ಮಾಲೀಕರ ಸಂಬಳ ಎಂಬ ಸಮಾಧಾನ ಇದರ ಹಿಂದಿದೆ. ಲಾಭ ಎನ್ನುವುದು ಹೂಡಿದ ಬಂಡವಾಳಕ್ಕೂ ಹೊತ್ತ ಅಪಾಯಕ್ಕೂ ಸಿಗಬೇಕಾದ ಪ್ರತಿಫಲ. ದುಡಿದ ಗಂಟೆಗಳಿಗೆ ಸಿಗಬೇಕಾದ ಕೂಲಿ ಬೇರೆ. ಇವೆರಡನ್ನೂ ಒಂದೇ ಗಲ್ಲಾಪೆಟ್ಟಿಗೆಗೆ ಹಾಕಿದಾಗ ಯಾವುದು ಎಷ್ಟು ಬಂತೆಂದು ತಿಳಿಯುವುದೇ ಇಲ್ಲ. ಒಂದು ತಿಂಗಳು ಮಾಲೀಕರು ದಿನದ ಕೊನೆಗೆ ತಾವು ಯಾವ ಕೆಲಸಕ್ಕೆ ಎಷ್ಟು ಹೊತ್ತು ಕೊಟ್ಟೆವೆಂದು ಬರೆದಿಟ್ಟು, ಆ ಗಂಟೆಗಳನ್ನು ಬೇರೆಯವರಿಂದ ಮಾಡಿಸಿದ್ದರೆ ಎಷ್ಟು ಸಂಬಳ ಕೊಡಬೇಕಾಗುತ್ತಿತ್ತು ಎಂದು ಲೆಕ್ಕ ಹಾಕಿ, ಆ ಮೊತ್ತವನ್ನು ಲಾಭದಿಂದ ಕಳೆದು ನೋಡಬೇಕು. ಉಳಿಕೆ ಧಾರಾಳವಾಗಿದ್ದರೆ ಕೆಲಸಕ್ಕೆ ಇನ್ನೊಬ್ಬರನ್ನು ತೆಗೆದುಕೊಳ್ಳುವುದಕ್ಕೆ ಹಣ ಈಗಾಗಲೇ ಇದೆ ಎಂದರ್ಥ. ಉಳಿಕೆ ಋಣಾತ್ಮಕವಾಗಿದ್ದರೆ ಗ್ರಾಹಕರು ಕೊಡುತ್ತಿರುವ ಬೆಲೆಯಲ್ಲಿ ಒಂದು ಪಾಲನ್ನು ಮಾಲೀಕರ ನಿದ್ದೆಯೇ ಭರಿಸುತ್ತಿದೆ ಎಂದರ್ಥ.

ಎರಡನೆಯ ಪರಿಸ್ಥಿತಿಯಲ್ಲಿರುವವರಿಗೆ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಹೇಳುವುದು ಕ್ರೂರವೆಂದೇ ನನ್ನ ಭಾವನೆ. ಅವರು ನಿಂತ ದಿನ ವ್ಯವಹಾರವೂ ನಿಲ್ಲುತ್ತದೆ, ಅದು ಅವರಿಗೆ ಚೆನ್ನಾಗಿ ಗೊತ್ತು. ಅವರಿಗೆ ಮೊದಲು ಬೇಕಾಗಿರುವುದು ಬೆಲೆಯ ಪರಿಷ್ಕರಣೆ, ನಷ್ಟ ತರುವ ಕೆಲಸಗಳನ್ನು ಕೈಬಿಡುವ ಧೈರ್ಯ ಮತ್ತು ತಡವಾಗಿ ಹಣ ಕೊಡುವ ಗ್ರಾಹಕರಿಂದ ಮುಂಗಡ ಕೇಳುವ ಗಟ್ಟಿತನ. ಯಾವ ಗ್ರಾಹಕರು ಹೆಚ್ಚು ಹೊತ್ತು ತಿನ್ನುತ್ತಾರೋ ಅವರೇ ಬಹಳ ಸಲ ಕಡಿಮೆ ದರಕ್ಕೂ ಪಟ್ಟು ಹಿಡಿಯುತ್ತಾರೆ. ಗಂಟೆಗಳ ಲೆಕ್ಕ ಬರೆದಿಟ್ಟರೆ ಇದು ಹೆಸರು ಸಮೇತ ಕಣ್ಣಿಗೆ ಕಾಣುತ್ತದೆ. ಅಂಥವರಲ್ಲಿ ಒಬ್ಬಿಬ್ಬರಿಗೆ ಗೌರವದಿಂದ ಹೊಸ ದರ ತಿಳಿಸುವುದರಿಂದ ಸಿಗುವ ಬಿಡುವು, ಊರು ಬಿಟ್ಟು ಹೋಗಿ ನಾಲ್ಕು ದಿನ ಕಳೆದು ಬಂದರೂ ಸಿಗುವುದಿಲ್ಲ.

ಬೆಲೆ ಸರಿಯಾದ ಮೇಲೂ ಉಳಿಯುವ ಗಂಟು ಅಧಿಕಾರದ್ದು. ನಾನು ಒಂದು ದಿನ ಹೊರಗಿದ್ದಾಗ ಬರುವ ಫೋನ್ ಕರೆಗಳನ್ನು ಸುಮ್ಮನೆ ಒಂದು ಚೀಟಿಯಲ್ಲಿ ಬರೆದಿಡುವ ಅಭ್ಯಾಸ ನನ್ನದು. “ಮೇಡಂ, ಇವರು ಇನ್ನೂ ಸ್ವಲ್ಪ ಬಿಟ್ಟುಕೊಡಿ ಅಂತಿದ್ದಾರೆ, ಎಷ್ಟು ಬಿಡಲಿ?” “ಮೇಡಂ, ಹೋದ ಸಲದ ಬಿಲ್ಲು ಯಾವ ಫೈಲಿನಲ್ಲಿದೆ?” “ಮೇಡಂ, ಮೆಷಿನ್ ನಿಂತಿದೆ, ರಿಪೇರಿಯವರಿಗೆ ಹೇಳಲಾ?” “ಮೇಡಂ, ಸರಕು ಬಂದಿದೆ, ಇಳಿಸಿಕೊಳ್ಳಬಹುದಾ?” ಚೀಟಿಯನ್ನು ಸಂಜೆ ಓದಿದರೆ ವ್ಯವಹಾರದ ನಕ್ಷೆಯೇ ಅಲ್ಲಿರುತ್ತದೆ. ಬಿಲ್ಲಿನ ಪ್ರಶ್ನೆ ಬಂದದ್ದು ಮಾಹಿತಿ ನನ್ನ ತಲೆಯಲ್ಲಿ ಮಾತ್ರ ಇದ್ದುದರಿಂದ. ಅದನ್ನು ಎಲ್ಲರ ಕೈಗೆ ಸಿಗುವ ಜಾಗದಲ್ಲಿಟ್ಟರೆ ಆ ಕರೆ ಇನ್ನೊಮ್ಮೆ ಬರುವುದಿಲ್ಲ. ರಿಯಾಯಿತಿಯ ಪ್ರಶ್ನೆ ಬಂದದ್ದು ಅಧಿಕಾರ ಕೊಡದಿದ್ದುದರಿಂದ. ಇಷ್ಟರವರೆಗೆ ನೀವೇ ತೀರ್ಮಾನಿಸಿ, ಅದಕ್ಕೂ ಮೀರಿದರೆ ನಾಳೆ ತಿಳಿಸುತ್ತೇವೆಂದು ಗ್ರಾಹಕರಿಗೆ ಹೇಳಿ ಎಂಬ ಒಂದು ಸಾಲು ಸಾಕು. ಸರಕಿನ ಪ್ರಶ್ನೆಗೆ ಉತ್ತರ ಕೇಳಿದವರಿಗೇ ಗೊತ್ತಿತ್ತು. ಕೇಳಿಯೇ ಮಾಡಬೇಕೆಂಬ ರೂಢಿ ಮಾತ್ರ ಅವರನ್ನು ತಡೆಯಿತು. ಮಾಲೀಕರೇ ಉತ್ತರಿಸಬೇಕಾದಂಥದ್ದು ಇಡೀ ಚೀಟಿಯಲ್ಲಿ ಒಂದೋ ಎರಡೋ ಸಿಕ್ಕೀತು.

“ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು” ಎಂಬ ಗಾದೆಯನ್ನು ನಮ್ಮಲ್ಲಿ ವ್ಯವಹಾರಕ್ಕೆ ಇಳಿದವರೆಲ್ಲ ಕೇಳಿಯೇ ಇರುತ್ತಾರೆ. ಗಾದೆಗಳ ಬಗ್ಗೆ ನನಗೆ ಗೌರವವಿದೆ, ಆದರೆ ಈ ಗಾದೆಯೊಂದಿಗೆ ನನ್ನ ಜಗಳ ಹಳೆಯದು. ಹೇಳಿಕೊಡದೆ, ಅಧಿಕಾರ ಕೊಡದೆ, ಕೆಲಸದ ಉದ್ದೇಶ ತಿಳಿಸದೆ ಒಪ್ಪಿಸಿದ ಕೆಲಸ ಹಾಳಾಗುವುದು ಸಹಜ. ಅದರಲ್ಲಿ ಮಾಡಿದವರ ತಪ್ಪಿಗಿಂತ ಒಪ್ಪಿಸಿದ ರೀತಿಯ ತಪ್ಪೇ ಹೆಚ್ಚು. ಹೊಸಬರು ಮಾಡಿದ ಕೆಲಸ ಮೊದಮೊದಲು ನಮ್ಮಷ್ಟು ಚೆನ್ನಾಗಿರುವುದಿಲ್ಲ ಎಂಬುದು ನಿಜ. ಆ ಅಂತರವನ್ನು ಕೆಲವು ತಿಂಗಳು ತಾಳಿಕೊಳ್ಳುವುದಕ್ಕೆ ತಗಲುವ ವೆಚ್ಚವನ್ನು ತರಬೇತಿಯ ಖರ್ಚೆಂದೇ ಮೊದಲೇ ಲೆಕ್ಕಕ್ಕೆ ಹಿಡಿದಿಟ್ಟರೆ, ಪ್ರತಿ ಸಣ್ಣ ತಪ್ಪಿಗೂ ಕೆಲಸವನ್ನು ಮರಳಿ ಕಿತ್ತುಕೊಳ್ಳುವ ಆತುರ ಕಡಿಮೆಯಾಗುತ್ತದೆ. ಮರಳಿ ಕಿತ್ತುಕೊಂಡ ಕೆಲಸವನ್ನು ಅವರು ಇನ್ನೊಮ್ಮೆ ಮನಸ್ಸಿಟ್ಟು ಕಲಿಯುವುದಿಲ್ಲ.

ಬಾಗಿಲು ಹಾಕಿ ಮನೆಗೆ ಬಂದ ಮೇಲೂ ತಲೆಯೊಳಗೆ ಕೆಲಸ ಓಡುತ್ತಲೇ ಇರುತ್ತದೆ ಎಂಬುದು ಬೇರೆಯೇ ಒಂದು ಸಂಕಟ. ಅರ್ಧಕ್ಕೆ ನಿಂತ ಕೆಲಸ ಪೂರ್ತಿಯಾದ ಕೆಲಸಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದು ಮನಶ್ಶಾಸ್ತ್ರಜ್ಞೆ ಬ್ಲೂಮಾ ಝೈಗಾರ್ನಿಕ್ 1927ರಲ್ಲಿ ಬರೆದರು. ಕೆಲಸವನ್ನು ಮುಗಿಸಲೇಬೇಕೆಂದಿಲ್ಲ, ಅದನ್ನು ಯಾವಾಗ ಹೇಗೆ ಮುಗಿಸುತ್ತೇವೆಂದು ಖಚಿತವಾದ ಯೋಜನೆ ಮಾಡಿಕೊಂಡರೂ ಅದು ತಲೆ ತಿನ್ನುವುದು ಕಡಿಮೆಯಾಗುತ್ತದೆ ಎಂದು ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಮನಶ್ಶಾಸ್ತ್ರಜ್ಞರು 2011ರಲ್ಲಿ ತೋರಿಸಿದರು. 2018ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಮಲಗುವ ಮುನ್ನ 5 ನಿಮಿಷ ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದವರು, ಮಾಡಿ ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು 9 ನಿಮಿಷ ಮೊದಲೇ ನಿದ್ದೆಹೋದರು. ಪಟ್ಟಿ ಹೆಚ್ಚು ವಿವರವಾಗಿದ್ದಷ್ಟೂ ನಿದ್ದೆ ಬೇಗ ಬಂತು. ಇದು ನನ್ನ ಅನುಭವಕ್ಕೂ ಒಪ್ಪುತ್ತದೆ. ಬಾಗಿಲು ಹಾಕುವ ಮುನ್ನ ಪುಸ್ತಕ ತೆರೆದು, “ಬಾಕಿ ಕೇಳಬೇಕು” ಎಂದು ಬರೆದಿಟ್ಟರೆ ರಾತ್ರಿ ಅದು ಮತ್ತೆ ನೆನಪಾಗುತ್ತದೆ; “ಬಾಕಿ: ನಾಳೆ 11 ಗಂಟೆಗೆ ಫೋನ್, ಹಳೆಯ ಎರಡು ಬಿಲ್ಲಿನ ಪ್ರತಿ ಮೊದಲೇ ಕಳಿಸುವುದು, ಪೂರ್ತಿ ಆಗದಿದ್ದರೆ ಅರ್ಧ ಕೇಳುವುದು” ಎಂದು ಬರೆದರೆ ನೆನಪಾಗುವುದಿಲ್ಲ. ಮೊದಲ ಸಾಲಿನಲ್ಲಿ ಇನ್ನೂ ಯೋಚಿಸಬೇಕಾದದ್ದು ಉಳಿದಿದೆ, ಎರಡನೆಯದರಲ್ಲಿ ಮಾಡಬೇಕಾದದ್ದು ಮಾತ್ರ ಉಳಿದಿದೆ.

ನಮ್ಮ ಅಭ್ಯಾಸ ನಮ್ಮಲ್ಲಿಗೇ ನಿಲ್ಲುವುದಿಲ್ಲ ಎಂಬುದನ್ನೂ ಗಮನಿಸಬೇಕು. ರಾತ್ರಿ ಹನ್ನೊಂದಕ್ಕೆ ಮಾಲೀಕರು ಕಳಿಸಿದ ವಾಟ್ಸಾಪ್ ಸಂದೇಶಕ್ಕೆ “ನಾಳೆ ನೋಡಿದರೆ ಸಾಕು” ಎಂದು ಸೇರಿಸಿದರೂ ಓದಿದವರು ಆಗಲೇ ಉತ್ತರಿಸುತ್ತಾರೆ, ಸಂಬಳ ಕೊಡುವವರ ಮಾತಿಗಿರುವ ತೂಕ ಅಂಥದ್ದು. ಫ್ರಾನ್ಸಿನಲ್ಲಿ 2017ರ ಜನವರಿಯಿಂದ, 50 ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು ಕೆಲಸದ ವೇಳೆ ಮುಗಿದ ಮೇಲೆ ಸಂಪರ್ಕದಿಂದ ದೂರವಿರುವ ನೌಕರರ ಹಕ್ಕಿನ ಬಗ್ಗೆ ಮಾತುಕತೆ ನಡೆಸಬೇಕೆಂಬ ಕಾನೂನು ಜಾರಿಗೆ ಬಂದಿದೆ. ನಾಲ್ಕೈದು ಜನರ ವ್ಯವಹಾರಕ್ಕೆ ಅಂಥ ಕಾನೂನು ತಾಗುವುದಿಲ್ಲ, ಹಾಗಾಗಿ ಮಾಲೀಕರ ಬೆರಳಿಗೇ ಆ ಸಂಯಮ ಬೇಕು. ಸಂದೇಶವನ್ನು ಬರೆದು ಬೆಳಿಗ್ಗೆ ಹೋಗುವಂತೆ ಹೊಂದಿಸಿಡುವ ಸೌಲಭ್ಯ ಹಲವು ಇಮೇಲ್ ಸೇವೆಗಳಲ್ಲಿದೆ. ಅದನ್ನು ಬಳಸಲು ಶುರುಮಾಡಿದ ಮೇಲೆ ನಮ್ಮಲ್ಲಿ ಬೆಳಗಿನ ಮೊದಲ ಗಂಟೆಯ ಕೆಲಸ ಹೆಚ್ಚು ಅಚ್ಚುಕಟ್ಟಾಗಿದೆ.

ವಿಶ್ರಾಂತಿ ಎಂದರೆ ಏನು ಮಾಡಬೇಕು ಎಂಬುದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಅದು ಅವರವರ ಸ್ವಭಾವಕ್ಕೆ ಬಿಟ್ಟದ್ದು. ಕೆಲಸದಿಂದಾದ ದಣಿವು ಇಳಿಯುವುದರ ಬಗ್ಗೆ ದೀರ್ಘಕಾಲ ಸಂಶೋಧನೆ ನಡೆಸಿರುವ ಜರ್ಮನಿಯ ಮನಶ್ಶಾಸ್ತ್ರಜ್ಞೆ ಸಬೀನ ಝೊನೆನ್‌ಟಾಗ್ ಅವರು, ಬಿಡುವಿನ ಹೊತ್ತಿನಲ್ಲಿ ಮನಸ್ಸು ಕೆಲಸದಿಂದ ಬಿಡಿಸಿಕೊಳ್ಳುವುದೇ ಮುಖ್ಯ ಎನ್ನುತ್ತಾರೆ. ಒತ್ತಡ ಹೆಚ್ಚಾದಷ್ಟೂ ಹೀಗೆ ಬಿಡಿಸಿಕೊಳ್ಳುವ ಅಗತ್ಯ ಹೆಚ್ಚುತ್ತದೆ, ಆದರೆ ಬಿಡಿಸಿಕೊಳ್ಳುವ ಸಾಮರ್ಥ್ಯ ಅಷ್ಟೇ ಕುಗ್ಗುತ್ತದೆ ಎಂಬ ವಿರೋಧಾಭಾಸವನ್ನೂ ಅವರು ಗುರುತಿಸಿದ್ದಾರೆ. ಸಂಕಟದ ಸಮಯ ಬಂದಾಗ ವಿಶ್ರಾಂತಿಯ ವ್ಯವಸ್ಥೆ ಕಟ್ಟಲು ಹೊರಟರೆ ಆಗದು. ವ್ಯವಹಾರ ಚೆನ್ನಾಗಿ ನಡೆಯುತ್ತಿರುವಾಗಲೇ, ರಜೆಯ ಅಗತ್ಯ ಅಷ್ಟಾಗಿ ಕಾಣದಿರುವಾಗಲೇ ಅದನ್ನು ಕಟ್ಟಿಕೊಂಡಿರಬೇಕು.

ನಮ್ಮಲ್ಲಿ ಈಗ ಒಂದು ದಿನ ನಾನಿಲ್ಲದಿದ್ದರೆ ಕೆಲಸ ಸಲೀಸಾಗಿ ಸಾಗುತ್ತದೆ, ಮೂರು ದಿನವೂ ಸಾಗುತ್ತದೆ. ಒಂದು ವಾರಕ್ಕೆ ಇನ್ನೂ ಸಾಗುವುದಿಲ್ಲ. ಅಡ್ಡ ನಿಂತಿರುವುದು ಸಾಲದ ಮೇಲೆ ಸರಕು ಕೊಡುವ ತೀರ್ಮಾನ. ಯಾರಿಗೆ ಎಷ್ಟು, ಎಷ್ಟು ದಿನಕ್ಕೆ ಎಂಬುದನ್ನು ನಾನು ಇಷ್ಟು ವರ್ಷ ಮುಖ ನೋಡಿ, ಹಳೆಯ ವ್ಯವಹಾರ ನೆನೆದು ತೀರ್ಮಾನಿಸುತ್ತಾ ಬಂದಿದ್ದೇನೆ, ಅದನ್ನು ಸಾಲುಗಳಲ್ಲಿ ಬರೆಯುವುದು ಸುಲಭವಲ್ಲ. ಈ ತಿಂಗಳು ಲೆಕ್ಕ ನೋಡುವವರ ಜೊತೆ ಕೂತು ಹಳೆಯ ಗ್ರಾಹಕರಿಗೆಲ್ಲ ಒಂದೊಂದು ಮಿತಿ ಗೊತ್ತುಪಡಿಸುತ್ತಿದ್ದೇವೆ. ಹಿಂದಿನ ಬಿಲ್ಲು ಗಡುವಿನೊಳಗೆ ತೀರಿದ್ದರೆ ಮಿತಿಯೊಳಗೆ ಲೆಕ್ಕ ನೋಡುವವರೇ ಸಾಲ ಕೊಡಬಹುದು, ತೀರದಿದ್ದರೆ ಅರ್ಧ ಮುಂಗಡ ತೆಗೆದುಕೊಳ್ಳಬೇಕು, ಹೊಸಬರಿಗೆ ಮೊದಲ ಮೂರು ಬಿಲ್ಲು ನಗದು ಎಂಬಲ್ಲಿಗೆ ಬಂದು ನಿಂತಿದ್ದೇವೆ. ಪಟ್ಟಿ ಅರ್ಧ ಮುಗಿದಿದೆ. ಪೂರ್ತಿಯಾದ ಮೇಲೆ ಎರಡು ತಿಂಗಳು ನಾನು ಇಲ್ಲೇ ಇದ್ದುಕೊಂಡು, ಅವರು ಪಟ್ಟಿಯ ಪ್ರಕಾರ ತೆಗೆದುಕೊಂಡ ತೀರ್ಮಾನಗಳನ್ನು ವಾರಕ್ಕೊಮ್ಮೆ ನೋಡುತ್ತೇನೆ. ಒಂದು ವಾರದ ರಜೆಯನ್ನು ಅದರ ಮುಂದಿನ ತಿಂಗಳಿಗೆ ಗುರುತು ಹಾಕಿಟ್ಟಿದ್ದೇವೆ.